ವೆಂಕೋಬರಾಯರ ಬುದ್ಧಿಗುಳಿಗೆ

ಗುಜರಾತಿನ ಮಣಿನಗರದಲ್ಲಿ ನಮ್ಮ ಮೇಲಿನ ಮನೆಯ ವೆಂಕೋಬರಾಯರು ರಾಯಚೂರಿನವರು. ಬ್ಯಾಂಕಿನಲ್ಲಿರುವ ಮಗ ಎಷ್ಟೋ ವರ್ಷಗಳ ಹಿಂದೆ ಇಲ್ಲಿಗೆ ವರ್ಗವಾಗಿ ಗುಜರಾತಿ ಹುಡುಗಿಯನ್ನು ಮದುವೆಯಾದವನು; ಇವರು ಅವನ ಮನೆಗೆ ಬಂದದ್ದು ಈಚೆಗೆ. ಗುಳಿಗೆಯೊಂದನ್ನು ನುಂಗಿದ ನಾಯಕ ರಾತ್ರಿ ಬೆಳಗಾಗುವುದರೊಳಗೆ ಮಹಾಮೇಧಾವಿಯಾಗಿ ಖಳರನ್ನು ಸದೆಬಡಿಯುವ ಸಿನಿಮಾ ನೋಡಿದಂದಿನಿಂದ ಅವರ ಬಾಯಿಗೆ ಬಿಡುವಿಲ್ಲ. ಇಲ್ಲಿಯ ಮೆಂತ್ಯದ ರೊಟ್ಟಿ ಥೇಪ್ಲಾದ ಮೇಲೆ ಒಂದೆಲಗದ ಚಟ್ನಿ ಸವರಿಕೊಳ್ಳುತ್ತಾರೆ, ನೆನೆಸಿದ ಅಕ್ರೋಟು ಅಗಿಯುತ್ತಾರೆ, ನೆತ್ತಿಗೆ ಬ್ರಾಹ್ಮಿ ಎಣ್ಣೆ ಬಡಿದುಕೊಂಡು, "ಮೆದುಳು ಬಿಸಿ ಆಗ್ಲಿಕ್ಕತ್ತದರಿ, ಮುಟ್ಟಿ ನೋಡ್ರಿ" ಎಂದು ನನ್ನೆದುರು ತಲೆ ಬಗ್ಗಿಸುತ್ತಾರೆ. ಸಿನಿಮಾದ ಹಾಗೆ ಯಾರಾದರೂ ಗುಟ್ಟು ಕದಿಯಲು ಬಂದಾರೆಂದು ಹಾಲಿನವನಿಗೂ ಕಪ್ಪು ಕನ್ನಡಕ ಹಾಕಿಕೊಂಡೇ ಬಾಗಿಲು ತೆರೆಯುತ್ತಾರೆ. ವಾಚ್‌ಮನ್ ಜೊತೆ ಚದುರಂಗ ಆಡಿ ಸೋತರೆ, "ಡೋಸ್ ಕಡಿಮಿ ಆತು" ಎಂದು ಇನ್ನೊಂದು ಅಕ್ರೋಟು ಒಡೆಯುತ್ತಾರೆ. "ಈ ವಯಸ್ಸಿನಲ್ಲಿ ಇಷ್ಟು ಬುದ್ಧಿ ಯಾಕೆ ರಾಯರೇ?" ಎಂದು ನಾನೊಮ್ಮೆ ನಕ್ಕೆ. ರಾಯರು ನಗಲಿಲ್ಲ. ಕೆಳಗೆ ಗೆಳತಿಯರೊಡನೆ ಗುಜರಾತಿಯಲ್ಲಿ ಹರಟುತ್ತಿದ್ದ ಮೊಮ್ಮಗಳು ವರ್ಷಿಣಿಯತ್ತ ನೋಡಿದರು. "ಆಕಿಗೆ ಕನ್ನಡ ಬರೂದಿಲ್ಲ, ನನಗ ಗುಜರಾತಿ ತಲಿಗೆ ಹತ್ತವಲ್ದು. ದಿನಾ ಸಾಲಿಯಿಂದ ಬಂದು ಏನೇನೋ ಹೇಳ್ತಾಳ, ನಾ ಹೂಂ ಅಂತೀನಿ. ನಿನ್ನೆ ಅಳಕೋತ ಬಂದು ಹೇಳಿದ್ಲರಿ; ಆಗೂ ಹೂಂ ಅಂದೆ."