ಮಡ್ಡಿಯ ಮೇಲಿನ ಹಳದಿ ತಟ್ಟೆಗಳು

ತಟ್ಟೆ ನೀರು ಚೆಲ್ಲಿದ್ದಕ್ಕೆ ಈ ವಯಸ್ಸಿನಲ್ಲಿ ಬೈಸಿಕೊಂಡೆ. ಅದೂ ನನ್ನ ಹಳೇ ಸ್ಟೂಡೆಂಟ್ ಕೈಲಿ!

ರುಖಿಯಾ ಈಗ ಹುಳುಗಳ ಮೇಲೆ ರಿಸರ್ಚ್ ಮಾಡುತ್ತಾಳೆ. "ಮನ್ಯಾಗ ಕುಂತು ಏನ್ ಮಾಡ್ತೀರಿ ಮಿಸ್, ಬರ್ರಿ" ಎಂದು ಕಳೆದ ವಾರ ವಿಜಯಪುರದಿಂದ ನನ್ನನ್ನೂ ಕಾರಿಗೆ ಹತ್ತಿಸಿಕೊಂಡಳು. ತಿಕೋಟಾ ದಾಟಿ, ಬಿಜ್ಜರಗಿಯ ದ್ರಾಕ್ಷಿ ತೋಟಗಳು ಮುಗಿದಲ್ಲಿ ಮಡ್ಡಿ, ಯಾರೂ ಉಳದ ದಿಣ್ಣೆ ನೆಲ. ಮೊಣಕಾಲುದ್ದ ಒಣಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಅವಳು ಆ ತುದಿಯಲ್ಲಿ ಗಿಡ ಎಣಿಸುತ್ತಿದ್ದಳು. ಈ ತುದಿಯಲ್ಲಿ ನನ್ನ ವಾಕಿಂಗ್.

ಹುಲ್ಲಿನ ನಡುವೆ ಹಳದಿ ಪ್ಲಾಸ್ಟಿಕ್ ತಟ್ಟೆಗಳು! ಸೋಪಿನ ನೀರು, ಅದರಲ್ಲಿ ಕಸ. ಯಾರೋ ಪಿಕ್‌ನಿಕ್‌ನವರು ತೊಳೆಯದೇ ಬಿಟ್ಟು ಹೋಗಿದ್ದಾರೆ, ನೋ ಸಿವಿಕ್ ಸೆನ್ಸ್ ಎಂದುಕೊಂಡೆ. (ಡೈನಿಂಗ್ ಹಾಲ್‌ನ ನೆಲದ ಮೇಲೆ ಬಿದ್ದ ಒಂದು ಅಗುಳನ್ನೂ ಸಿಸ್ಟರ್ ನಮ್ಮಿಂದ ಹೆಕ್ಕಿಸುತ್ತಿದ್ದರು. ಕಾನ್ವೆಂಟ್ ಅಭ್ಯಾಸ, ಹೋಗುತ್ತದೆಯೇ?) ಎಲ್ಲ ಚೆಲ್ಲಿ ನೀಟಾಗಿ ಜೋಡಿಸಿಟ್ಟೆ.

"ಮಿಸ್! ಏನ್ ಮಾಡಾಕತ್ತೀರಿ!"

ತಟ್ಟೆಗಳು ರುಖಿಯಾ ಹುಳು ಹಿಡಿಯಲು ಇಟ್ಟವು. ಕಸ ಅಂದುಕೊಂಡೆನಲ್ಲ, ಅವು ಹಳದಿಗೆ ಮರುಳಾಗಿ ಬಂದು ಬಿದ್ದಿದ್ದ ಕಣಜಗಳು. ಬೆಳಗಾದರೆ ಮಡ್ಡಿ ಸಮ ಮಾಡಿ ದ್ರಾಕ್ಷಿ ಸಸಿ ಹಚ್ಚುವವರಿದ್ದರು. ಇಲ್ಲಿ ಯಾರ್ಯಾರು ಬದುಕಿದ್ದರು ಎಂದು ಬರೆದಿಡಲು ಅವಳಿಗಿದ್ದದ್ದು ಅದೊಂದೇ ದಿನ.

"ಸಾರಿ" ಎಂದೆ. ಪೊದೆಯ ಹಿಂದಿನ ಒಂದು ತಟ್ಟೆ ನನ್ನ ಕೈಯಿಂದ ತಪ್ಪಿಸಿಕೊಂಡಿತ್ತು. ಅದನ್ನು ಸೋಸಿ, ಭೂತಗನ್ನಡಿ ಕೊಟ್ಟಳು. "ನೋಡ್ರಿ, ಏನ್ ಚೆಲ್ಲೀರಿ ಅಂತ."

ನೋಡಿದೆ. ಮೈ ಗಾಡ್!

ಸಾಸಿವೆಗಿಂತ ಸಣ್ಣದೊಂದು, ಬಣ್ಣ ಥೇಟ್ ನವಿಲಿನ ಕೊರಳು. ಇನ್ನೊಂದಕ್ಕೆ ಮೈಗಿಂತ ಉದ್ದದ ಸೂಜಿ, ಮೊಟ್ಟೆಯಿಡಲಿಕ್ಕೆ. ಮತ್ತೊಂದನ್ನು ಧೂಳೇ ಅಂದುಕೊಂಡೆ. ಅದಕ್ಕೂ ರೆಕ್ಕೆ, ರೆಕ್ಕೆಯಂಚಿಗೆ ಕುಚ್ಚು! ಒಂದರಂತೆ ಒಂದಿಲ್ಲ.

"ಇದು ಜೇಡದ ತತ್ತಿಯೊಳಗ ತತ್ತಿ ಇಡತೈತ್ರಿ. ಆ ಕರೀದು ಮಣ್ಣಾಗಿನ ಹುಳದ ಮ್ಯಾಲ. ಮರಿ ಅದನ್ನ ತಿಂದ ದೊಡ್ಡವಾಗ್ತಾವ. ಒಬ್ಬೊಬ್ಬರದು ಒಂದೊಂದು ಮನಿ."

"ಈ ಧೂಳಿನ ಹೆಸರೇನೇ?"

"ಯಾರೂ ಇನ್ನೂ ಇಟ್ಟಿರಲಿಕ್ಕಿಲ್ಲರಿ."

ಸವಾನಾ ಅಂದರೆ ಆಫ್ರಿಕಾ, ಜಿರಾಫೆ ಎಂದು ಬಾಯಿಪಾಠ ಮಾಡಿದವಳು ನಾನು. ಈ ಮಡ್ಡಿಯೂ ಅಂಥದೇ ಹುಲ್ಲುಗಾವಲು, ಸವಾನಾ ಎಂದು ಯಾರೂ ಹೇಳಲಿಲ್ಲ. ಎಷ್ಟು ಸಲ ಬಸ್ಸಿನ ಕಿಟಕಿಯಿಂದ ಇದನ್ನು ನೋಡಿ, ಬೋರ್ ಅನ್ನಿಸಿ ಕಣ್ಣು ಮುಚ್ಚಿಲ್ಲ?

ಅಷ್ಟರಲ್ಲಿ ಹೊಲದ ಮಾಲೀಕ ಭೀಮಣ್ಣ ಬಂದ. "ಏನ್ರಿ ಅಕ್ಕಾರ, ಬಂಗಾರ ಸಿಕ್ಕೈತೇನು?"

ಭೂತಗನ್ನಡಿ ಅವನ ಕೈಗಿಟ್ಟೆ. ಬಹಳ ಹೊತ್ತು ತಲೆಯೆತ್ತಲಿಲ್ಲ. "ಯಪ್ಪಾ! ನಮ್ಮ ಮಡ್ಡ್ಯಾಗ ಇಷ್ಟು ಮಂದಿ ಅದಾರೇನು? ದ್ರಾಕ್ಷಿಗೆ ಬೀಳೋ ಹುಳಾನೂ ತಿಂತಾವೇನವಾ?"

"ಕೆಲವು ತಿಂತಾವ್ರಿ ಕಾಕಾ."

"ಇದನ್ನ ಮೊದಲ ಹೇಳಬಾರದ!"

ಒಂದು ದಿನ ಕೊಡಪ್ಪಾ, ತಪ್ಪು ನನ್ನದು ಎಂದು ಬೇಡಿಕೊಂಡೆ. "ದಿನ ಬಿಡ್ತೀನ್ರಿ, ಹೊಲ ಬಿಡಾಕ ಆಗಂಗಿಲ್ಲ. ಸಸಿ ತಂದಿಟ್ಟೀನಿ" ಎಂದ. ಅಲ್ಲೇ ಬಬಲೇಶ್ವರದ ಜೆಸಿಬಿಯವನಿಗೆ ಫೋನ್ ಹಚ್ಚಿದ: "ಲೇ, ನಾಳಿಗೆ ಬ್ಯಾಡ. ನಾಡಿದ್ದ ಬಾ."

ಮರುದಿನ ತಟ್ಟೆಗಳಿಗೆ ನಾನೇ ವಾಚ್‌ಮನ್. ಛತ್ರಿ ಹಿಡಿದು ಕೂತು ಆಡುಗಳನ್ನು ಓಡಿಸಿದೆ. ಸಂಜೆ ರುಖಿಯಾಳ ಬಾಟಲಿಗಳು ತುಂಬಿದವು, ಅವಳ ಮುಖದಲ್ಲಿ ನಗು ಬಂತು.

ಮೂರನೆಯ ದಿನ ಬೆಳಿಗ್ಗೆ ಜೆಸಿಬಿ ಬಂದಾಗಲೂ ನಾನಲ್ಲಿದ್ದೆ. (ಯಾಕೆ ಹೋದೆನೋ!) ಡ್ರೈವರ್ ತಲೆ ಹೊರಹಾಕಿ ಕೇಳಿದ: "ಇಲ್ಲೇನೂ ಇಲ್ಲಲ್ರಿ ಅಮ್ಮಾರ? ಶುರು ಮಾಡ್ಲ್ಯಾ?"