ಕವಳೆ ಪೊದೆಗೆ ನೀರು ಹೊಯ್ಯುವ ತಾಯಕ್ಕ

ಬೆಳಗಿನ ಐದೂವರೆ. ಸಂಡೂರಿನ ಗುಡ್ಡದ ಮೇಲೆ ಹೆಂಗಸೊಬ್ಬರು ಮುಳ್ಳಿನ ಪೊದೆಗೆ ಸ್ನಾನ ಮಾಡಿಸುತ್ತಿದ್ದಾರೆ. ತಲೆಯ ಮೇಲೆ ಹೊತ್ತು ತಂದ ಕೊಡದಿಂದ ಚೊಂಬು ಚೊಂಬಾಗಿ ನೀರು ಸುರಿದಂತೆ ಕೆಂಪು ರಾಡಿ ಇಳಿದು, ಕವಳೆಹಣ್ಣು ಕಪ್ಪಗೆ ಹೊಳೆಯುತ್ತದೆ. ಕೆಳಗಿನ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು. ಹತ್ತು ನಿಮಿಷಕ್ಕೆ ಮೂವತ್ತೆರಡು ಎಣಿಸಿ ನನಗೇ ಸಾಕಾಗಿದೆ.

ಐವತ್ತೆಂಟರ ತಾಯಕ್ಕ ಹನ್ನೆರಡನೇ ವಯಸ್ಸಿನಿಂದ ಕಾಡುಹಣ್ಣು ಮಾರುತ್ತಿದ್ದಾರೆ. ಚಳಿಗಾಲಕ್ಕೆ ಬಾರೆ, ಪರಗಿ. ಮುಂಗಾರಿನ ಹೊತ್ತಿಗೆ ಕವಳೆ. ಗಂಡ ಪಾಲಪ್ಪ ಗಣಿ ಕೆಲಸಕ್ಕೆ ಹೋಗಿ, ಕೆಮ್ಮು ಹಿಡಿಸಿಕೊಂಡು ಮನೆ ಸೇರಿ ಮೂರು ವರ್ಷ. ಮನೆಯ ಒಲೆ ಉರಿಯುವುದು ಈಗ ಇವರ ಬುಟ್ಟಿಯಿಂದಲೇ.

ಆ ಬುಟ್ಟಿಗೂ ಕುತ್ತು ಬಂದಿದೆ. ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವ ದೇವಿಕಾ ಈ ಹಣ್ಣಿನ ಸತ್ವದ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ. "ವಿಟಮಿನ್ ಸಿ ಐತಿ, ಕಬ್ಬಿಣಾಂಶ ಐತಿ. ಆಂಟಿಆಕ್ಸಿಡೆಂಟ್ ಭಾಳ ಇರೋದು ಆ ಕರಿ ಸಿಪ್ಪಿಯೊಳಗ. ಗಣಿ ಧೂಳು ಕುಂದ್ರೋದೂ ಅಲ್ಲೇ ನೋಡ್ರಿ," ಎನ್ನುತ್ತಾರೆ ಅವರು.

ಕಿತ್ತ ಮೇಲೆ ತೊಳೆದರೆ ತೊಟ್ಟಿನ ಜಾಗದಿಂದ ನೀರಿಳಿದು, ಮಧ್ಯಾಹ್ನಕ್ಕೆಲ್ಲ ಹಣ್ಣು ಹುಳಿ ವಾಸನೆ ಹೊಡೆಯುತ್ತದೆ. ಹಾಗಾಗಿ ಹೋದ ವರ್ಷ, 2006ರಲ್ಲಿ, ತಾಯಕ್ಕ ತೊಳೆಯದೆಯೇ ಮಾರಿದ್ದರು. ಮಗುವಿನ ನಾಲಿಗೆಯ ಮೇಲೆ ಕೆಮ್ಮಣ್ಣು ಕಂಡ ತಾಯಿಯೊಬ್ಬಳು ಹೊಸಪೇಟೆ ಬಸ್ ನಿಲ್ದಾಣದೆದುರು ಬುಟ್ಟಿಯನ್ನೇ ಬೀದಿಗೆ ಚೆಲ್ಲಿದಳು.

"ಆಕಿದೇನೂ ತಪ್ಪಿಲ್ಲ ಬಿಡ್ರಿ. ನನ್ ಕೂಸಾಗಿದ್ರ ನಾನೂ ಹಂಗ ಮಾಡ್ತಿದ್ದೆ."

ಅಂದಿನಿಂದ ಗಿಡದಲ್ಲೇ ತೊಳೆದು, ಬಿಸಿಲಿಗೆ ಆರಿದ ಮೇಲೆ ಕೀಳುತ್ತಾರೆ. ಹಣ್ಣು ಸಂಜೆಯವರೆಗೆ ತಾಳುತ್ತದೆ. ಆದರೆ ಒಂದು ಕೊಡ ನೀರು ಮೂರು ಪೊದೆಗೆ ಮುಗಿಯುತ್ತದೆ. ಎರಡು ಬುಟ್ಟಿಯ ಜಾಗದಲ್ಲಿ ಈಗ ಒಂದೇ. ಪಕ್ಕದ ಬಂಡೆಗಳ ಮೇಲೆ ಗಣಿಯವರ ಬಿಳಿ ಗುರುತೂ ಬಿದ್ದಿದೆ. ಅಗೆತ ಇಲ್ಲಿಗೂ ಬಂದರೆ ಮುಂದಿನ ವರ್ಷದ ಗತಿಯೇನು? ತಾಯಕ್ಕನೇ ಹೇಳುತ್ತಾರೆ: "ಈ ಮೂರು ಪೊದಿ ಉಳಿಸಿದ್ರ ಸಾಕ್ರಿ. ಮತ್ತೇನೂ ಬ್ಯಾಡ."

ಬುಟ್ಟಿ ತುಂಬಿದೆ. ನೆಲಕ್ಕೆ ಬಾಗಿದ ಟೊಂಗೆಗಳ ಹಣ್ಣನ್ನು ಮಾತ್ರ ತಾಯಕ್ಕ ಮುಟ್ಟಿಲ್ಲ. ಅದು ಕರಡಿಯ ಪಾಲು. ಅವರವ್ವನ ಕಾಲದಿಂದ ನಡೆದು ಬಂದ ರೂಢಿ. ಕೊಡದ ತಳದಲ್ಲಿ ಉಳಿದ ಎರಡು ಚೊಂಬು ನೀರನ್ನು ಆ ಟೊಂಗೆಗಳ ಮೇಲೆ ನಿಧಾನಕ್ಕೆ ಸುರಿಯುತ್ತಾರೆ. ಇನ್ನಷ್ಟು ಹಣ್ಣು ತೊಳೆಯಬಹುದಿತ್ತಲ್ಲ ಎಂದರೆ, ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

"ನಮಗಾದ್ರ ಕೈ ಅದಾವು, ತೊಳಕೊಂಡು ತಿಂತೀವಿ. ಅದಕ್ಕ ಯಾರು ತೊಳದು ಕೊಡ್ತಾರ್ರಿ?"