ನಿಧಾನದ ಥಿನ್ನರ್

ಯಾರ ಹಂಗೂ ಬೇಡದ ಹವ್ಯಾಸವೊಂದು ಇರಲೆಂದು ನಾನು ವಿಮಾನ ಮಾಡಲು ಕುಳಿತೆ. ಗಾಬರಿಯಾಗಬೇಡಿ, ಆಟದ ವಿಮಾನ. ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳ ಹಂದರಕ್ಕೆ ತೆಳುಕಾಗದ ಹೊದಿಸಿದ ಗ್ಲೈಡರ್. ಎಪ್ಪತ್ತರ ದಶಕದ ಕೊನೆಗೆ ಗದಗದ ಕಡೆಯಿಂದ ಮಣಿಪಾಲಕ್ಕೆ ಗುಮಾಸ್ತನಾಗಿ ಬಂದವನು ನಾನು. ಇಲ್ಲಿಯವರು ಸಜ್ಜನರು. ನಾನು ಆಫೀಸಿನೊಳಗೆ ಹೋದೊಡನೆ, ತುಳುವಿನಲ್ಲಿ ನಡೆಯುತ್ತಿದ್ದ ಮಾತನ್ನು ನನಗಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದರು. ನಗು ಮಾತ್ರ ತುಳುವಿನಲ್ಲೇ ಉಳಿದುಬಿಡುತ್ತಿತ್ತು.

ರೆಕ್ಕೆಯ ಕಾಗದ ಬಿಗಿಯಾಗಬೇಕಾದರೆ ಡೋಪ್ ಎಂಬ ವಾರ್ನಿಷಿನಂಥ ದ್ರವ ಬಳಿಯಬೇಕು, ಬಳಿಯುವ ಮೊದಲು ಅದನ್ನು ತೆಳುವಾಗಿಸಬೇಕು. ಯಾವುದರಿಂದ ಎಂಬುದೊಂದನ್ನು ಬೆಂಗಳೂರಿನಿಂದ ತರಿಸಿದ ಡಬ್ಬಿಯ ಮೇಲೆ ಬರೆದಿರಲಿಲ್ಲ. ನನ್ನ ಬುದ್ಧಿಗೆ ತೋಚಿದ ಟರ್ಪೆಂಟೈನ್ ಸುರಿದೆ. ಡೋಪು ಒಡೆದ ಹಾಲಾಯಿತು. ಮತ್ತೆ ಉಡುಪಿಯಲ್ಲಿ ಸಿಕ್ಕಿದ ಅಗ್ಗದ ಥಿನ್ನರ್ ಬೆರೆಸಿದೆ. ಚೆನ್ನಾಗಿ ಕರಗಿತು, ನಿಮಿಷದಲ್ಲಿ ಒಣಗಿತು, ಒಣಗುತ್ತಲೇ ರೆಕ್ಕೆಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಯಿತು.

ಅದನ್ನೇ ಹಿಡಿದುಕೊಂಡು ಸಂತೆಕಟ್ಟೆಗೆ ಹೋದೆ. ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಹಸನಬ್ಬ ಎಂಬವರು ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಥಿನ್ನರ್ ಬೇಗ ಹಾರಿ ಹೋಗಿದೆ ಸಾರ್. ಹಾರುವಾಗ ತಂಪಾಗ್ತದೆ, ಗಾಳಿಯ ಪಸೆ ಬಂದು ಕೂತುಕೊಳ್ತದೆ. ಈ ಕಡಲ ಗಾಳಿಗೆ ನಿಧಾನದ್ದು ಬೇಕು.”

“ನಿಧಾನದ್ದೂ ಇರ್ತೈತೇನ್ರಿ?”

“ಉಂಟು. ನಿಮಗೆಂತ ಅರ್ಜೆಂಟು? ಕೂತುಕೊಳ್ಳಿ.”

ಕುಳಿತೆ. ಆಮೇಲೆ ಪ್ರತಿ ಭಾನುವಾರವೂ ಕುಳಿತೆ. ಅವರು ಅಳೆದು ಕೊಟ್ಟ ನಿಧಾನದ ಥಿನ್ನರಿನಲ್ಲಿ ರೆಕ್ಕೆ ಗಾಜಿನಂತೆ ತಿಳಿಯಾಯಿತು. ಒಂದು ದಿನ ಮಾತಿನ ಭರದಲ್ಲಿ ಹಸನಬ್ಬ ನನ್ನೊಡನೆಯೂ ತಮ್ಮ ಮನೆಮಾತಾದ ಬ್ಯಾರಿಯಲ್ಲೇ ಮಾತಾಡಿಬಿಟ್ಟರು. ಒಂದಕ್ಷರವೂ ತಿಳಿಯಲಿಲ್ಲ. ಅಷ್ಟು ಸಂತೋಷ ಈ ಊರಿನಲ್ಲಿ ನನಗೆ ಅದುವರೆಗೆ ಆಗಿರಲಿಲ್ಲ.

ವಿಮಾನ ಮುಗಿದ ಮೇಲೆ ನನ್ನ ಲೆಕ್ಕಾಚಾರದ ತಪ್ಪು ಗೊತ್ತಾಯಿತು. ಗ್ಲೈಡರ್ ಏರಿಸಲು ಇಬ್ಬರು ಬೇಕು: ಒಬ್ಬ ಅದನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬ ದಾರ ಹಿಡಿದು ಓಡಬೇಕು. “ನಾನು ಹಿಡಿಯುತ್ತೇನೆ, ಕಾಪು ಕಡಲಿಗೆ ಹೋಗುವ,” ಎಂದಿದ್ದರು ಹಸನಬ್ಬ. ಆದರೆ ಮುಂದಿನ ಭಾನುವಾರದೊಳಗೆ ಅವರಿಗೆ ಪರದೇಶದ ಕೆಲಸಕ್ಕೆ ವೀಸಾ ಬಂತು. ನಾನು ಹೋದಾಗ ಶೆಡ್ಡಿನಲ್ಲಿ ಅವರ ತಮ್ಮನಿದ್ದ.

ಎರಡು ತಿಂಗಳು ವಿಮಾನ ಕಪಾಟಿನ ಮೇಲೆ ಧೂಳು ತಿಂದಿತು. ಕೊನೆಗೊಮ್ಮೆ ಒಬ್ಬನೇ ಕಾಪುವಿಗೆ ಹೋದೆ. ದೀಪಸ್ತಂಭದ ಕೆಳಗೆ ಒಬ್ಬರು ಬಲೆ ಬಿಡಿಸುತ್ತ ಕುಳಿತಿದ್ದರು. ಅರ್ಧ ಗಂಟೆ ಅವರ ಸುತ್ತಮುತ್ತ ಸುಳಿದಾಡಿ, ಬಾಯಿ ಬಿಟ್ಟೆ: “ಇದನ್ನೊಂದೀಟು ಹಿಡೀತೀರೇನ್ರಿ?”

ಅವರು ಕೈ ಒರೆಸಿಕೊಂಡು ಎದ್ದರು. “ಎಲ್ಲಿ ಹಿಡಿಯಬೇಕು?”

ಓಡಿದೆ. ದಾರ ಬಿಗಿಯಿತು, ವಿಮಾನ ತೆಂಗಿನ ತಲೆಗಳನ್ನು ದಾಟಿ ಏರಿತು. ತಿರುಗಿ ನೋಡಿದರೆ, ಬಿಟ್ಟಾದ ಮೇಲೂ ಆ ಮನುಷ್ಯನ ಎರಡು ಕೈಗಳೂ ಮೇಲೆಯೇ ಇದ್ದವು.

ಮರುದಿನ ಸಂತೆಕಟ್ಟೆಗೆ ಹೋಗಿ ಹಸನಬ್ಬರ ತಮ್ಮನಿಗೆ ಹೇಳಿದೆ: “ಅಣ್ಣನಿಗೆ ಕಾಗದ ಬರೆಯುವಾಗ, ಹಾರಿತು ಅಂತ ಒಂದು ಮಾತು ಬರೀರಿ.”

“ಎಂತ ಹಾರಿದ್ದು?” ಎಂದ ಅವನು.

“ಅಷ್ಟೇ ಬರೀರಿ,” ಎಂದೆ. “ಅವರಿಗೆ ಗೊತ್ತೈತಿ.”